ಉಪ್ಪಿಗೆ ಒಂದೇ ಕೈ: ಗೆಳೆಯರೆಲ್ಲ ಸೇರಿ ರಾತ್ರಿ ಅಡುಗೆ ಮಾಡುವುದು ಹೇಗೆ

ನಾವು ಎಂಟು ಜನ ಮೊದಲ ಸಲ ಒಟ್ಟಿಗೆ ಅಡುಗೆಗೆ ನಿಂತ ಸಂಜೆ, ಒಂದೇ ಪಾತ್ರೆಯ ಸೂಪಿಗೆ ಮೂರು ಜನ ಉಪ್ಪು ಹಾಕಿದ್ದೆವು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದರು. ಆದರೆ ಬಾಯಿಗಿಟ್ಟಾಗ ಒಂದು ಚಮಚ ನುಂಗಲೂ ಆಗಲಿಲ್ಲ. ಎರಡು ಗಂಟೆ ಹೆಚ್ಚಿ, ಹುರಿದು, ಕುದಿಸಿದ್ದು ಪಾತ್ರೆಯಲ್ಲೇ ಉಳಿಯಿತು. ತುಂಬಾ ಬೇಜಾರಾಗಿತ್ತು.

ಚೆನ್ನಾಗಿ ಅಡುಗೆ ಬರುವವರು ನಮ್ಮಲ್ಲಿ ನಾಲ್ಕು ಜನ ಇದ್ದರು. ಆದರೂ ಹಾಗಾಯಿತು. ಹಲವು ಕೈ ಸೇರಿದಾಗ ಕೈರುಚಿಗಿಂತ ಕೆಲಸ ಹಂಚಿಕೊಳ್ಳುವ ರೀತಿ ದೊಡ್ಡದು ಅಂತ ಆವತ್ತು ನನಗೆ ತಿಳಿಯಿತು. ಅದಾದ ಮೇಲೆ ಎಷ್ಟೋ ರಾತ್ರಿ ಹೀಗೆ ಸೇರಿ ಅಡುಗೆ ಮಾಡಿದ್ದೇವೆ. ಪ್ರತಿ ಸಲ ಒಂದಷ್ಟು ಕಲಿತಿದ್ದೇವೆ. ಅದನ್ನೆಲ್ಲ ಮಾಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎಂಟು ಜನ ಅಂತಲೇ ಇಟ್ಟುಕೊಂಡಿದ್ದೇನೆ.

ಮೊದಲು ಒಲೆ ಎಣಿಸಿ

ಎಲ್ಲರೂ ಮೊದಲು "ಏನು ಮಾಡೋಣ?" ಅಂತ ಶುರು ಮಾಡುತ್ತಾರೆ. ಅದಕ್ಕೂ ಮುಂಚೆ ಯಾರ ಮನೆಯಲ್ಲಿ ಸೇರುತ್ತೀರೋ ಆ ಮನೆಯ ಅಡುಗೆ ಮನೆ ನೋಡಿ. ಎಷ್ಟು ಒಲೆ ಇದೆ? ಎರಡಾ, ನಾಲ್ಕಾ? ಓವನ್ ಇದೆಯಾ? ಎಲ್ಲಕ್ಕಿಂತ ದೊಡ್ಡ ಪಾತ್ರೆ ಎಷ್ಟು ಲೀಟರಿನದು? ಹೆಚ್ಚುವ ಮಣೆ, ಚಾಕು ಎಷ್ಟಿವೆ? ಎಂಟು ತಟ್ಟೆ, ಎಂಟು ಲೋಟ ಇವೆಯಾ?

ಕೈ ಎಷ್ಟು ಬೇಕಾದರೂ ಸಿಗುತ್ತವೆ, ಒಲೆ ಸಿಗುವುದಿಲ್ಲ. ಎರಡು ಒಲೆಯ ಮನೆಯಲ್ಲಿ ಐದು ಬಿಸಿ ಅಡುಗೆ ಅಂದುಕೊಂಡರೆ ಊಟ ರಾತ್ರಿ ಹನ್ನೊಂದಕ್ಕೆ ಹೋಗುತ್ತದೆ. ನಾನು ಅನುಸರಿಸುವ ಲೆಕ್ಕ ತುಂಬಾ ಸರಳ. ಒಂದು ಒಲೆಗೆ ಒಂದು ಅಡುಗೆ. ಓವನ್ ಇದ್ದರೆ ಇನ್ನೊಂದು. ಮಿಕ್ಕಿದ್ದೆಲ್ಲ ಒಲೆ ಬೇಡದ್ದೇ ಇರಲಿ: ಹಸಿ ತರಕಾರಿಯ ಸಲಾಡ್, ಮೊಸರು ಬೆರೆಸಿದ್ದು, ಹೆಚ್ಚಿದ ಹಣ್ಣು, ಬ್ರೆಡ್.

ಪಕ್ಕದ ಮನೆಯಿಂದಲೋ ಗೆಳೆಯರ ಮನೆಯಿಂದಲೋ ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ತರಬಹುದು. ಆದರೆ ಅವನ್ನೆಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಬೇಡಿ. ಒಂದು ಇಂಡಕ್ಷನ್ ಒಲೆಯೇ ಸುಮಾರು 2000 ವ್ಯಾಟ್ ಎಳೆಯುತ್ತದೆ. ವಯರ್ ಬಿಸಿಯಾಗುತ್ತದೆ, ಇಲ್ಲವೇ ಮನೆಯ ಕರೆಂಟೇ ಹೋಗುತ್ತದೆ. ಬೇರೆ ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿ.

ಯಾರಿಗೆ ಏನು ಆಗುವುದಿಲ್ಲ ಅಂತ ಕೇಳಿ

ಇದನ್ನು ಮೂರು ದಿನ ಮೊದಲೇ ಕೇಳಬೇಕು. ಗುಂಪಿನ ಮೆಸೇಜಿನಲ್ಲಿ ಕೇಳಿದರೆ ಕೆಲವರು ಸಂಕೋಚಕ್ಕೆ ಹೇಳುವುದಿಲ್ಲ. "ನನಗೋಸ್ಕರ ಯಾಕೆ ತೊಂದರೆ" ಅಂತ ಸುಮ್ನೆ ಇದ್ದುಬಿಡುತ್ತಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಕೇಳಿದರೆ ಒಳ್ಳೆಯದು.

ಕೇಳಬೇಕಾದ್ದು ಎರಡು ವಿಷಯ. ಒಂದು, ತಿನ್ನದೇ ಇರುವುದು ಏನು: ಮಾಂಸ, ಮೊಟ್ಟೆ, ಬೆಳ್ಳುಳ್ಳಿ, ಹೀಗೆ. ಇನ್ನೊಂದು, ತಿಂದರೆ ಮೈಗೆ ಆಗದೇ ಇರುವುದು ಏನು. ಈ ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಎಳ್ಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು, ಸಿಗಡಿ, ಅಲರ್ಜಿ ಜಾಸ್ತಿ ಆಗುವುದು ಇವುಗಳಿಂದಲೇ. ಕೆಲವರಿಗೆ ಒಂದು ಚೂರು ಬಿದ್ದರೂ ಉಸಿರು ಕಟ್ಟುವ ಮಟ್ಟಕ್ಕೆ ಹೋಗುತ್ತದೆ. ಅಂಥವರು ಒಬ್ಬರಿದ್ದರೂ ಆ ಪದಾರ್ಥವನ್ನು ಆ ರಾತ್ರಿ ಮನೆಯೊಳಗೇ ತರಬೇಡಿ. "ಒಂದು ಅಡುಗೆಗೆ ಮಾತ್ರ ಹಾಕೋಣ" ಅನ್ನುವುದು ಎಂಟು ಜನ ಓಡಾಡುವ ಕಡೆ ನಡೆಯುವುದಿಲ್ಲ. ಒಂದೇ ಸೌಟು ಎರಡು ಪಾತ್ರೆಗೆ ಹೋಗಿಯೇ ಹೋಗುತ್ತದೆ.

ಸಸ್ಯಾಹಾರಿಗಳೂ ಮಾಂಸ ತಿನ್ನುವವರೂ ಇದ್ದರೆ, ಮುಖ್ಯ ಅಡುಗೆ ಎಲ್ಲರೂ ತಿನ್ನುವಂಥದ್ದೇ ಇರಲಿ. ಮಾಂಸದ್ದು ಪಕ್ಕದಲ್ಲಿ ಒಂದು ಇರಲಿ, ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು. ಒಬ್ಬರಿಗೆ ಮಾತ್ರ ಬೇರೆ ಅಡುಗೆ ಮಾಡಿಟ್ಟು ಮಿಕ್ಕವರೆಲ್ಲ ಒಂದೇ ಪಾತ್ರೆಯಿಂದ ಬಡಿಸಿಕೊಂಡರೆ, ಆ ಒಬ್ಬರಿಗೆ ಒಳಗೊಳಗೇ ಕಷ್ಟವಾಗುತ್ತದೆ. ನಾನು ನೋಡಿದ್ದೇನೆ.

ಅಡುಗೆ ಆರಿಸುವಾಗ

ಒಂದು ಪಾತ್ರೆಯಲ್ಲಿ ಒಟ್ಟಿಗೆ ಬೇಯುವಂಥದ್ದು ಗುಂಪಿಗೆ ಒಳ್ಳೆಯದು. ಬೇಳೆ, ಕಾಳು, ಗಟ್ಟಿ ಸೂಪ್, ತರಕಾರಿಯ ಗ್ರೇವಿ. ಇವು ಹತ್ತು ನಿಮಿಷ ಆಚೀಚೆ ಆದರೂ ಕೆಡುವುದಿಲ್ಲ. ಇನ್ನೂ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕೂತರೆ ರುಚಿ ಹೆಚ್ಚುತ್ತದೆ.

ಒಂದೊಂದಾಗಿ ಬೇಯಿಸಿ ಬಿಸಿಬಿಸಿ ಕೊಡಬೇಕಾದ್ದು ಬೇಡ. ಬಾಣಲೆಯಲ್ಲಿ ಕರಿಯುವುದು, ಒಂದೊಂದೇ ಆಮ್ಲೆಟ್ ಮಾಡುವುದು ಇಂಥವು. ಅದಕ್ಕೆ ನಿಂತವರು ಕೊನೆಯವರೆಗೂ ಒಲೆಯ ಮುಂದೆಯೇ ಇರುತ್ತಾರೆ, ಗೆಳೆಯರೆಲ್ಲ ಉಂಡು ಎದ್ದಿರುತ್ತಾರೆ. ಒಟ್ಟಿಗೆ ಕೂತು ಊಟ ಮಾಡಲಿಕ್ಕೇ ಅಲ್ವಾ ಸೇರಿದ್ದು?

ಯಾರೂ ಒಮ್ಮೆಯೂ ಮಾಡಿ ನೋಡದ ಅಡುಗೆಯನ್ನು ಆ ರಾತ್ರಿಯೇ ಮೊದಲ ಸಲ ಮಾಡಬೇಡಿ. ಆಸೆ ಇದ್ದರೆ ಒಂದು ಹೊಸದು ಇರಲಿ, ಅದು ಕೆಟ್ಟರೂ ಊಟ ನಿಲ್ಲಬಾರದು.

ಎಂಟು ಜನಕ್ಕೆ, ಎರಡು ಒಲೆ ಒಂದು ಓವನ್ ಇರುವ ಮನೆಯಲ್ಲಿ ನಾನಾದರೆ ಹೀಗೆ ಮಾಡುತ್ತೇನೆ: ಒಂದು ಒಲೆಯ ಮೇಲೆ ಬೇಳೆ ತರಕಾರಿಯ ಗಟ್ಟಿ ಸೂಪ್. ಇನ್ನೊಂದರ ಮೇಲೆ ಅನ್ನ. ಓವನ್ನಿನಲ್ಲಿ ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಈರುಳ್ಳಿ. ಮೇಜಿನ ಮೇಲೆ ಸಲಾಡ್. ಕೊನೆಗೆ ಹಣ್ಣು. ಐದು ಬಗೆ ಆಯಿತು, ಒಲೆ ಮಾತ್ರ ಎರಡೇ.

ಅಳತೆ

ಎಂಟು ಜನ ಅಂದಕೂಡಲೇ ಗಾಬರಿಯಿಂದ ಎಲ್ಲವನ್ನೂ ಎರಡರಷ್ಟು ತರುತ್ತಾರೆ. ಅರ್ಧ ಉಳಿಯುತ್ತದೆ. ಒಬ್ಬರ ಲೆಕ್ಕ ಗೊತ್ತಿದ್ದರೆ ಸಾಕು.

ಅಕ್ಕಿ ಒಬ್ಬರಿಗೆ 75 ಗ್ರಾಂ, ಚೆನ್ನಾಗಿ ಉಣ್ಣುವವರಾದರೆ 100 ಗ್ರಾಂ. ಒಣ ಪಾಸ್ತಾ ಆದರೂ 80ರಿಂದ 100 ಗ್ರಾಂ. ಬೇಳೆ, ಕಾಳು 50 ಗ್ರಾಂ. ಬೇಯಿಸುವ ತರಕಾರಿ ಎಲ್ಲ ಸೇರಿ ಸುಮಾರು 200 ಗ್ರಾಂ. ಮೂಳೆ ಇಲ್ಲದ ಮಾಂಸವಾದರೆ 150 ಗ್ರಾಂ. ಹೀಗೆ ನೋಡಿದರೆ ಮೇಲಿನ ಊಟಕ್ಕೆ ಅಕ್ಕಿ 600 ಗ್ರಾಂ, ಬೇಳೆ 400 ಗ್ರಾಂ, ತರಕಾರಿ ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ. ಅಕ್ಕಿ ಬೆಂದ ಮೇಲೆ ತೂಕದಲ್ಲಿ ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. ಹಸಿ ಅಕ್ಕಿ ನೋಡಿ "ಇಷ್ಟೇನಾ?" ಅಂತ ಯಾರಾದರೂ ಅಂದರೆ ಇನ್ನೊಂದು ಹಿಡಿ ಹಾಕಲು ಹೋಗಬೇಡಿ.

ಪಾಕವಿಧಾನ ನಾಲ್ಕು ಜನಕ್ಕೆ ಬರೆದಿದ್ದರೆ ಎಲ್ಲವನ್ನೂ ಸುಮ್ನೆ ಎರಡರಿಂದ ಗುಣಿಸುವ ಹಾಗಿಲ್ಲ. ಬೇಳೆ, ತರಕಾರಿ ಎರಡರಷ್ಟು, ಸರಿ. ಖಾರವನ್ನು ಒಂದೂವರೆಯಷ್ಟು ಹಾಕಿ, ರುಚಿ ನೋಡಿ, ಆಮೇಲೆ ಬೇಕಾದರೆ ಸೇರಿಸಿ. ನೀರಿನ ವಿಷಯ ಇನ್ನೂ ಸೂಕ್ಷ್ಮ. ಕುದಿಯುವಾಗ ಎಷ್ಟು ನೀರು ಆವಿಯಾಗುತ್ತದೆ ಅನ್ನುವುದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಬೇಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಅಕ್ಕಿ ಆರು ಪಟ್ಟು ಆಯಿತು ಅಂತ ಆವಿಯಾಗುವ ನೀರು ಆರು ಪಟ್ಟು ಆಗುವುದಿಲ್ಲ. ಮನೆಯಲ್ಲಿ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಇಡುತ್ತಿದ್ದರೆ, ಆರು ಲೋಟಕ್ಕೆ ಹನ್ನೆರಡರ ಬದಲು ಹತ್ತು ಲೋಟ ಇಟ್ಟು ನೋಡಿ. ದೊಡ್ಡ ಪಾತ್ರೆಯ ಅನ್ನ ಮುದ್ದೆಯಾಗುವುದು ಬಹಳ ಸಲ ಇದೇ ಕಾರಣಕ್ಕೆ.

ಸಾಮಾನು ತರುವ ಕೆಲಸ ಇಬ್ಬರಿಗೆ ಕೊಡಿ. ಒಂದೇ ಪಟ್ಟಿ, ಎಲ್ಲ ಬಿಲ್ಲು ಒಬ್ಬರ ಹತ್ತಿರ. ಖರ್ಚು ಅದೇ ರಾತ್ರಿ ಹಂಚಿಬಿಡಿ, ಮಾಂಸ ತಿನ್ನದವರ ಪಾಲಿಗೆ ಅದರ ದುಡ್ಡು ಸೇರಿಸಬೇಡಿ.

ಕೆಲಸ ಹಂಚುವುದು

ಅಡುಗೆಗಿಂತ ಮುಖ್ಯವಾದದ್ದು ಇದು. ದಯವಿಟ್ಟು "ಬಂದ ಮೇಲೆ ನೋಡೋಣ" ಅಂತ ಬಿಡಬೇಡಿ.

ಮೊದಲು ಒಬ್ಬರು ಮೇಲ್ವಿಚಾರಣೆಗೆ. ಇವರು ಹೆಚ್ಚಾಗಿ ಏನೂ ಬೇಯಿಸುವುದಿಲ್ಲ. ಗಡಿಯಾರ ನೋಡುತ್ತಾರೆ, ಯಾವ ಪಾತ್ರೆ ಯಾವ ಒಲೆಗೆ ಅಂತ ಹೇಳುತ್ತಾರೆ, ಯಾರಿಗೆ ಏನು ಬೇಕು ಅಂತ ಗಮನಿಸುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಅಡುಗೆ ಬರುವವರೇ ಆಗಬೇಕು ಅಂತಿಲ್ಲ. ಗಡಿಬಿಡಿ ಇಲ್ಲದವರು, ಮೆತ್ತಗೆ ಹೇಳಿ ಕೆಲಸ ಮಾಡಿಸುವವರು ಆದರೆ ಸಾಕು. ತುಂಬಾ ಚೆನ್ನಾಗಿ ಅಡುಗೆ ಬರುವವರು ಈ ಜಾಗಕ್ಕೆ ಬಂದರೆ ಎಲ್ಲರ ಕೈಯಿಂದ ಸೌಟು ಕಿತ್ತುಕೊಂಡು ತಾವೇ ಮಾಡಲು ಶುರು ಮಾಡುತ್ತಾರೆ. ಅವರನ್ನು ಒಲೆಗೆ ಹಾಕಿ.

ಒಲೆಯ ಮುಂದೆ ಇಬ್ಬರು. ಅಷ್ಟೇ. ಮೂರನೆಯವರು ಬಂದರೆ ಮೊಣಕೈ ತಾಗುತ್ತದೆ, ಬಿಸಿ ಪಾತ್ರೆ ಅಲುಗಾಡುತ್ತದೆ. ಹೆಚ್ಚುವುದಕ್ಕೆ ಮೂರು ಜನ. ಇವರು ಅಡುಗೆ ಮನೆಯೊಳಗೆ ನಿಲ್ಲುವುದೇ ಬೇಡ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಅಲ್ಲೇ ಕೂರಲಿ. ಮಾತು, ನಗು ಎಲ್ಲ ನಡೆಯುವ ಜಾಗ ಅದೇ ಆಗುತ್ತದೆ. ತೊಳೆಯುವುದಕ್ಕೆ ಒಬ್ಬರು. ಮೇಜು ಜೋಡಿಸಿ, ನೀರು, ಸಲಾಡ್, ಹಣ್ಣು ನೋಡಿಕೊಳ್ಳುವುದಕ್ಕೆ ಒಬ್ಬರು. ಎಂಟಾಯಿತು.

ತೊಳೆಯುವವರನ್ನು ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಇಡೀ ಸಂಜೆ ಒಬ್ಬರೇ ಸಿಂಕಿನ ಮುಂದೆ ನಿಂತರೆ ಅವರಿಗೆ ಮುಂದಿನ ಸಲ ಬರುವ ಮನಸ್ಸೇ ಇರುವುದಿಲ್ಲ.

ಅಡುಗೆಯೇ ಬರದವರು ಒಬ್ಬರಾದರೂ ಇರುತ್ತಾರೆ. "ನೀನು ಆರಾಮಾಗಿ ಕೂತಿರು" ಅನ್ನಬೇಡಿ, ಅದು ಅವರನ್ನು ಹೊರಗಿಟ್ಟ ಹಾಗೆ. ಅವರಿಗೆ ನಿಜವಾದ ಕೆಲಸ ಕೊಡಿ. ಅಕ್ಕಿ ಅಳೆದು ತೊಳೆಯುವುದು, ಬೆಳ್ಳುಳ್ಳಿ ಸುಲಿಯುವುದು, ನಿಂಬೆರಸ, ಎಣ್ಣೆ, ಉಪ್ಪು ಸೇರಿಸಿ ಸಲಾಡಿಗೆ ಬೇಕಾದ ರಸ ಕದಡುವುದು. ಈ ರಸಕ್ಕೆ ಎಣ್ಣೆ ಮೂರು ಪಾಲು, ಹುಳಿ ಒಂದು ಪಾಲು. ಮುಚ್ಚಳ ಇರುವ ಬಾಟಲಿಗೆ ಹಾಕಿ ಕುಲುಕಿದರೆ ಆಯಿತು. ಊಟಕ್ಕೆ ಕೂತಾಗ "ಇದು ನಾನು ಮಾಡಿದ್ದು" ಅಂತ ಅವರು ಹೇಳುವ ಖುಷಿ ನೋಡಬೇಕು.

ಗಡಿಯಾರವನ್ನು ಹಿಂದಿನಿಂದ ನೋಡಿ

ಎಷ್ಟು ಹೊತ್ತಿಗೆ ಊಟ ಅಂತ ಮೊದಲು ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಂಟು ಗಂಟೆಗೆ ಊಟ ಅಂದುಕೊಳ್ಳೋಣ.

ಐದೂವರೆಗೆ ಎಲ್ಲರೂ ಸೇರಬೇಕು. ಮೊದಲ ಹತ್ತು ನಿಮಿಷ ಕೈ ತೊಳೆದು, ಯಾರ ಕೆಲಸ ಏನು ಅಂತ ಇನ್ನೊಮ್ಮೆ ಹೇಳಿಕೊಳ್ಳಿ. ಐದು ನಲವತ್ತಕ್ಕೆ ಸೂಪಿನ ನೀರು ಒಲೆಗೆ. ಮೂರು ಲೀಟರ್ ನೀರು ಕುದಿಯಲು ಮನೆಯ ಒಲೆಯಲ್ಲಿ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ತುಂಬಾ ಜನ ಈ ಕಾಲು ಗಂಟೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀರು ಕಾಯುವಷ್ಟರಲ್ಲಿ ಹೆಚ್ಚುವವರು ಮೊದಲು ಈರುಳ್ಳಿ ಮುಗಿಸಲಿ, ಆಮೇಲೆ ಓವನ್ನಿಗೆ ಹೋಗುವ ತರಕಾರಿ, ಎಲ್ಲಕ್ಕಿಂತ ಕೊನೆಗೆ ಸಲಾಡಿನದು. ಆರಕ್ಕೆ ಬೇಳೆ ಪಾತ್ರೆಯೊಳಗೆ. ಆರು ಮುಕ್ಕಾಲಿಗೆ ಓವನ್ ಹಚ್ಚಿ 200 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಲು ಬಿಡಿ. ಏಳಕ್ಕೆ ತರಕಾರಿ ಒಳಗೆ, 40 ನಿಮಿಷ. ಏಳು ಕಾಲಿಗೆ ಅನ್ನ. ಏಳು ನಲವತ್ತಕ್ಕೆ ಅನ್ನದ ಒಲೆ ಆರಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ, ಅಗುಳು ಬಿಡಿಬಿಡಿಯಾಗುತ್ತದೆ. ಕೊನೆಯ ಐದು ನಿಮಿಷದಲ್ಲಿ ಸಲಾಡಿಗೆ ರಸ ಬೆರೆಸಿ. ಮೊದಲೇ ಬೆರೆಸಿದರೆ ಉಪ್ಪು ಸೊಪ್ಪಿನ ನೀರನ್ನೆಲ್ಲ ಎಳೆದುಬಿಡುತ್ತದೆ, ಎಲೆ ಬಾಡುತ್ತದೆ.

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಆಗ ಎಲ್ಲರೂ ಮೇಲ್ವಿಚಾರಕರನ್ನು "ಈಗ ಏನು?" ಅಂತ ಕೇಳುವುದು ತಪ್ಪುತ್ತದೆ. ಕಾಳು ಹಾಕುವುದಿದ್ದರೆ ಹಿಂದಿನ ರಾತ್ರಿಯೇ ನೆನೆ ಹಾಕಲು ಯಾರಿಗಾದರೂ ನೆನಪಿಸಿ. ಅದರಲ್ಲೂ ರಾಜ್ಮಾ ಆದರೆ ಕಡಿಮೆ ಅಂದರೂ ಐದು ಗಂಟೆ ನೆನೆಯಬೇಕು, ನೆನೆದ ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಮೊದಲು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಜೋರಾಗಿ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಅರೆಬೆಂದ ರಾಜ್ಮಾದಲ್ಲಿ ವಿಷದ ಅಂಶ ಇರುತ್ತದೆ, ವಾಂತಿ, ಭೇದಿ ಶುರುವಾಗುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ಅಂಶ ಹೋಗುವುದಿಲ್ಲ, ಜೋರು ಕುದಿಯೇ ಬೇಕು.

ಹೆಚ್ಚುವ ಮೇಜಿನ ಹತ್ತಿರ

ಮೂರು ಜನ ಹೆಚ್ಚಿದರೆ ಮೂರು ಅಳತೆಯ ಹೋಳು ಬರುತ್ತವೆ. ಸಣ್ಣದು ಕರಗಿಹೋಗುತ್ತದೆ, ದೊಡ್ಡದು ಬೇಯುವುದಿಲ್ಲ. ಇದಕ್ಕೆ ಒಂದು ಸುಲಭ ಉಪಾಯ ಇದೆ. ಒಲೆಯವರು ಒಂದೊಂದು ತರಕಾರಿಯಲ್ಲೂ ಒಂದು ಹೋಳು ಹೆಚ್ಚಿ ಮೇಜಿನ ಮಧ್ಯೆ ತಟ್ಟೆಯಲ್ಲಿ ಇಡಲಿ. ಎಲ್ಲರೂ ಅದನ್ನು ನೋಡಿಕೊಂಡು ಹೆಚ್ಚಲಿ. "ಮಧ್ಯಮ ಗಾತ್ರ" ಅಂತ ಬಾಯಲ್ಲಿ ಹೇಳಿದರೆ ಒಬ್ಬೊಬ್ಬರ ಮಧ್ಯಮ ಒಂದೊಂದು.

ಮಣೆಯ ಕೆಳಗೆ ಒದ್ದೆ ಬಟ್ಟೆ ಮಡಚಿ ಇಡಿ, ಜಾರುವುದಿಲ್ಲ. ಚಾಕು ಹರಿತವಾಗಿರಲಿ. ಮೊಂಡು ಚಾಕುವಿಗೆ ಜಾಸ್ತಿ ಒತ್ತಬೇಕು, ಜಾರಿದರೆ ನೇರ ಬೆರಳಿಗೆ. ಚಾಕು ಹಿಡಿದು ಓಡಾಡುವಾಗ ತುದಿ ಕೆಳಗೆ ಇರಲಿ, "ಚಾಕು ಬರ್ತಿದೆ" ಅಂತ ಬಾಯಿಬಿಟ್ಟು ಹೇಳಿ. ಸೋಪಿನ ನೀರಿನ ತೊಟ್ಟಿಯೊಳಗೆ ಚಾಕು ಹಾಕಿ ಹೋಗಬೇಡಿ, ತೊಳೆಯುವವರಿಗೆ ಕಾಣುವುದಿಲ್ಲ.

ಈರುಳ್ಳಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೆಚ್ಚಿದರೆ ಕಣ್ಣುರಿ ಕಡಿಮೆ. ಕೊಯ್ದಾಗ ಹೊರಡುವ ಗಂಧಕದ ಅಂಶವೇ ಕಣ್ಣಿಗೆ ಹೋಗುವುದು. ತಣ್ಣಗಿದ್ದರೆ ಅದು ಅಷ್ಟು ಬೇಗ ಹಾರುವುದಿಲ್ಲ.

ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು, ಮೇಜಿನ ಬೇರೆ ಮೂಲೆ. ಅದನ್ನು ಮುಟ್ಟುವವರು ಒಬ್ಬರೇ ಆಗಿರಲಿ, ಅವರು ಸಲಾಡ್ ಮುಟ್ಟುವುದು ಬೇಡ. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಅದರ ಮೇಲಿರುವ ಬ್ಯಾಕ್ಟೀರಿಯಾ ನೀರಿನ ಹನಿಯ ಜೊತೆ ಸಿಂಕಿನ ಸುತ್ತ ಹಾರುತ್ತದೆ, ಅದನ್ನು ಕೊಲ್ಲುವುದು ಬಿಸಿ ಮಾತ್ರ. ಅಡುಗೆಯ ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ಮಧ್ಯೆ ಚುಚ್ಚಿ ನೋಡಿ, 74 ಡಿಗ್ರಿ ಇರಬೇಕು.

ಒಲೆಯ ಮುಂದೆ

ಗುಂಪಿನ ಅಡುಗೆ ಸಪ್ಪೆ ಅನಿಸುವುದಕ್ಕೆ ಒಂದು ಕಾರಣ ಬಾಣಲೆ ತುಂಬಿಸುವುದು. ಎಂಟು ಜನರ ಈರುಳ್ಳಿ, ಅಣಬೆ, ಮಾಂಸ ಎಲ್ಲ ಒಂದೇ ಸಲ ಸುರಿದರೆ ಅವು ನೀರು ಬಿಡುತ್ತವೆ. ನೀರಿರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ. ಚೆನ್ನಾಗಿ ಕೆಂಪಾಗಿ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಅದಕ್ಕೇ ಬಾಣಲೆ ತುಂಬಿಸಿದರೆ ಹುರಿಯುವ ಬದಲು ಬೇಯುತ್ತದೆ ಅಷ್ಟೇ. ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಿ ಹುರಿಯಿರಿ. ಓವನ್ನಿನ ತಟ್ಟೆಯಲ್ಲೂ ಹಾಗೇ. ಹೋಳುಗಳ ನಡುವೆ ಜಾಗ ಇರಲಿ, ಒಂದರ ಮೇಲೊಂದು ಬೀಳಬಾರದು. ಬೇಕಾದರೆ ಎರಡು ತಟ್ಟೆ ಮಾಡಿ.

ದೊಡ್ಡ ಪಾತ್ರೆಯ ತಳ ಬೇಗ ಹಿಡಿಯುತ್ತದೆ, ಅದರಲ್ಲೂ ಬೇಳೆ ಬೆಂದು ಗಟ್ಟಿಯಾದ ಮೇಲೆ. ಉರಿ ಸಣ್ಣ ಮಾಡಿ, ಐದು ನಿಮಿಷಕ್ಕೊಮ್ಮೆ ಸೌಟು ತಳಕ್ಕೆ ತಾಗುವ ಹಾಗೆ ತಿರುವಿ. ಪ್ರೆಷರ್ ಕುಕ್ಕರ್ ಆದರೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ. ಬೇಳೆ, ಕಾಳು ನೊರೆ ಬರುವುದರಿಂದ ಅರ್ಧ ಸಾಕು. ಜನ ಜಾಸ್ತಿ ಇದ್ದಾರೆ ಅಂತ ಕುಕ್ಕರ್ ಬಾಯಿವರೆಗೆ ತುಂಬಿದರೆ ಆವಿ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಒತ್ತಡ ಪೂರ್ತಿ ಇಳಿಯುವ ತನಕ ಮುಚ್ಚಳಕ್ಕೆ ಕೈ ಹಾಕಬೇಡಿ.

ಬಾಣಲೆ, ಪಾತ್ರೆಗಳ ಹಿಡಿ ಒಳಗೆ ತಿರುಗಿರಲಿ. ಹೊರಗೆ ಚಾಚಿದ್ದರೆ ಓಡಾಡುವವರ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಮಾತ್ರ ಸುರಿಯಬೇಡಿ. ನೀರು ಎಣ್ಣೆಯ ಕೆಳಗಿಳಿದು ಒಂದೇ ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಅಗಲವಾದ ಮುಚ್ಚಳ ಮುಚ್ಚಿ, ಪಾತ್ರೆ ಎತ್ತದೆ ಹಾಗೇ ಬಿಡಿ. ಇದನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿಡಿ, ಯಾಕೆಂದರೆ ಗಾಬರಿಯಲ್ಲಿ ಕೈ ಮೊದಲು ಹೋಗುವುದು ನೀರಿಗೇ. ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ.

ಇನ್ನು ಉಪ್ಪು

"ಉಪ್ಪಿಗಿಂತ ರುಚಿಯಿಲ್ಲ" ಅಂತ ಗಾದೆ ಇದೆ. ಅದು ನಿಜ, ಆದರೆ ಮೂರು ಜನ ಹಾಕಿದರೆ ಅದೇ ಉಪ್ಪು ಊಟ ಕೆಡಿಸುತ್ತದೆ. ಆ ಸಂಜೆಯ ನಂತರ ನಮ್ಮಲ್ಲಿ ಒಂದು ನಿಯಮ ಬಂತು. ಒಂದು ಪಾತ್ರೆಗೆ ಒಬ್ಬರೇ ಉಪ್ಪು ಹಾಕುವವರು. ಉಳಿದವರು ರುಚಿ ನೋಡಬಹುದು, ಹೇಳಬಹುದು, ಹಾಕುವ ಹಾಗಿಲ್ಲ. ಉಪ್ಪಿನ ಡಬ್ಬಿಯೂ ಅವರ ಹತ್ತಿರವೇ ಇರುತ್ತದೆ. ಖಾರದ ಪುಡಿಗೂ ಇದೇ ನಿಯಮ.

ಎಷ್ಟು ಹಾಕುವುದು? ಸೂಪಿನಂಥದ್ದಕ್ಕೆ ಒಂದು ಲೀಟರಿಗೆ 8 ಗ್ರಾಂ ಆಸುಪಾಸು ಉಪ್ಪು ಬಹಳ ಜನರಿಗೆ ಹಿಡಿಸುತ್ತದೆ. ಪುಡಿ ಉಪ್ಪು ಒಂದು ಸಮ ಟೀ ಚಮಚ ಸುಮಾರು 6 ಗ್ರಾಂ. ಹಾಗಾದರೆ ಮೂರು ಲೀಟರ್ ಸೂಪಿಗೆ ನಾಲ್ಕು ಚಮಚ. ನೀವು ಮೊದಲು ಮೂರೇ ಹಾಕಿ. ನಾಲ್ಕನೆಯದನ್ನು ಕೊನೆಗೆ, ನೀರೆಲ್ಲ ಇಂಗಿ ಹದಕ್ಕೆ ಬಂದ ಮೇಲೆ ರುಚಿ ನೋಡಿ ಹಾಕಿ. ಕುದಿದಷ್ಟೂ ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಾ ಬಿಸಿ ಇರುವಾಗ ನಾಲಿಗೆಗೆ ಸರಿಯಾಗಿ ಗೊತ್ತಾಗುವುದಿಲ್ಲ. ಸಣ್ಣ ಬಟ್ಟಲಿಗೆ ಹಾಕಿ ಊದಿ ನೋಡಿ. ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಹೋಗಬಾರದು.

ಉಪ್ಪು ಜಾಸ್ತಿ ಆಗಿಯೇ ಹೋಯಿತು ಅಂದುಕೊಳ್ಳಿ. ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆವತ್ತು ನಾವೂ ಹಾಕಿದೆವು, ಏನೂ ಆಗಲಿಲ್ಲ. ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತದೆ, ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ. ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ಇರುವ ದಾರಿ ಒಂದೇ, ಉಪ್ಪಿಲ್ಲದ ಪದಾರ್ಥ ಸೇರಿಸಿ ಅಳತೆ ಹೆಚ್ಚಿಸುವುದು. ಬೆಂದ ಬೇಳೆ, ಬಿಸಿನೀರು, ಬೇಯಿಸಿದ ತರಕಾರಿ ಏನಾದರೂ ಸೇರಿಸಿ. ಅದಕ್ಕಾಗಿಯೇ ಈಗ ನಾನು ಒಂದು ಬಟ್ಟಲು ಉಪ್ಪು ಹಾಕದ ಬೇಳೆಯನ್ನು ಕೊನೆಯವರೆಗೂ ಪಕ್ಕಕ್ಕೆ ತೆಗೆದಿಡುತ್ತೇನೆ. ಸ್ವಲ್ಪವೇ ಹೆಚ್ಚಾಗಿದ್ದರೆ ನಿಂಬೆರಸ ಹಿಂಡಿದರೂ ನಾಲಿಗೆಗೆ ಉಪ್ಪು ಕಡಿಮೆ ಅನಿಸುತ್ತದೆ.

ಖಾರ ಹೆಚ್ಚಾದರೆ ಮೊಸರು, ಕೆನೆ, ತೆಂಗಿನ ಹಾಲು ಸೇರಿಸಿ. ಮೆಣಸಿನಕಾಯಿಯ ಖಾರ ಜಿಡ್ಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ತಳ ಹಿಡಿದರೆ ಕೆರೆಯಬೇಡಿ, ತಿರುವಲೂ ಬೇಡಿ. ಮೇಲಿನದನ್ನು ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ. ಆ ಹೊತ್ತಲ್ಲಿ "ಯಾರು ಬಿಟ್ಟಿದ್ದು?" ಅಂತ ಯಾರೂ ಕೇಳಬಾರದು. ಕೇಳಿದರೆ ಆ ರಾತ್ರಿಯ ಖುಷಿ ಅಲ್ಲಿಗೇ ನಿಂತುಹೋಗುತ್ತದೆ.

ಬಡಿಸುವುದು

ಪಾತ್ರೆಗಳನ್ನು ಮೇಜಿನ ಮಧ್ಯೆಯೇ ಇಟ್ಟು ಎಲ್ಲರೂ ಬಡಿಸಿಕೊಳ್ಳಲಿ. ಪ್ರತಿ ಪಾತ್ರೆಗೂ ಅದರದೇ ಸೌಟು. ಎಲ್ಲರೂ ಕೂತ ಮೇಲೆಯೇ ಶುರು ಮಾಡಿ. ಒಲೆಯವರು "ನೀವು ಶುರು ಮಾಡಿ, ಬಂದೆ" ಅಂದರೆ ಒಪ್ಪಬೇಡಿ, ಒಲೆ ಆರಿಸಿ ಕರೆದುಕೊಂಡು ಬನ್ನಿ.

ತೊಳೆಯುವುದು, ಉಳಿದದ್ದು

ಅಡುಗೆ ಮಾಡುತ್ತಲೇ ತೊಳೆದಿದ್ದರೆ ಈಗ ಉಳಿದಿರುವುದು ತಟ್ಟೆ ಮತ್ತು ಮೂರು ದೊಡ್ಡ ಪಾತ್ರೆ ಅಷ್ಟೇ. ಹಾಲು, ಮೊಟ್ಟೆ, ಹಿಟ್ಟು ಅಂಟಿದ್ದನ್ನು ಮೊದಲು ತಣ್ಣೀರಲ್ಲಿ ನೆನೆಸಿ, ಬಿಸಿನೀರು ತಾಗಿದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಜಿಡ್ಡಿಗೆ ಬಿಸಿನೀರು. ಒಬ್ಬರು ಉಜ್ಜಲಿ, ಒಬ್ಬರು ತೊಳೆಯಲಿ, ಒಬ್ಬರು ಒರೆಸಲಿ. ಮನೆಯವರನ್ನು ಈ ಕೆಲಸಕ್ಕೆ ಸೇರಿಸಬೇಡಿ. ಅವರು ಮನೆ ಕೊಟ್ಟಿದ್ದಾರೆ, ಬೆಳಗ್ಗೆ ನೆಲ ಒರೆಸುವುದೂ ಅವರೇ.

ಉಳಿದ ಊಟವನ್ನು ಮಾತಿನ ಗುಂಗಿನಲ್ಲಿ ಮೇಜಿನ ಮೇಲೆಯೇ ಬಿಟ್ಟುಬಿಡುತ್ತೇವೆ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಅನ್ನದ ಬಗ್ಗೆ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಕೂತಷ್ಟೂ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಹಾಗೇ ಇಟ್ಟರೆ ಮಧ್ಯ ಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಅಗಲವಾದ, ಆಳ ಕಡಿಮೆ ಇರುವ ಡಬ್ಬಿಗಳಿಗೆ ಹರಡಿ ಬೇಗ ತಣ್ಣಗೆ ಮಾಡಿ. ಎಲ್ಲರಿಗೂ ಬರುವಾಗಲೇ ಒಂದೊಂದು ಡಬ್ಬಿ ತರಲು ಹೇಳಿದರೆ ಹಂಚಿಕೊಂಡು ಹೋಗುವುದು ಸುಲಭ. ಅನ್ನವನ್ನು ಮರುದಿನವೇ ಮುಗಿಸಿ, ಮಿಕ್ಕಿದ್ದನ್ನು ಮೂರು ದಿನದೊಳಗೆ. ಬಿಸಿ ಮಾಡುವುದು ಒಂದೇ ಸಲ, ಹಬೆಯಾಡುವಷ್ಟು.

ಹೊರಡುವ ಮೊದಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆ ಚೀಟಿ ತೆಗೆದು ಹಿಂದೆ ನಾಲ್ಕು ಸಾಲು ಬರೆಯಿರಿ: ಎಷ್ಟು ಜನ ಇದ್ದೆವು, ಅಕ್ಕಿ ಎಷ್ಟು ಹಾಕಿದೆವು, ನೀರು ಎಷ್ಟು, ಯಾವುದು ಎಷ್ಟು ಉಳಿಯಿತು, ಯಾವುದು ಸಾಲಲಿಲ್ಲ. ಮುಂದಿನ ಸಲ ಯಾರ ಮನೆಯಲ್ಲಿ ಸೇರುತ್ತೀರೋ ಅವರ ಕೈಗೆ ಆ ಚೀಟಿ ಕೊಡಿ.